ಇಟ್ಟಿಗಿಯಿಂದ ಬಂದ ಕಂಪ್ಯೂಟರು

ಕೊಟ್ಟೂರು
12 ನವೆಂಬರ್ 2024

ಪ್ರೀತಿಯ ತಂಗಿ ಸುಕನ್ಯಾಗೆ,

ಅಣ್ಣನ ತುಂಬು ಆಶೀರ್ವಾದ. ನನ್ನ ಕೈಬರಹ ನೋಡಿ ಎಷ್ಟು ವರ್ಷವಾಯಿತೋ ಏನೋ, ಇದು ಯಾರ ಕಾಗದವೆಂದು ನೀನು ಒಂದು ಗಳಿಗೆ ಅನುಮಾನಿಸಿದರೂ ತಪ್ಪಿಲ್ಲ. ನಿನ್ನ ಮೊಮ್ಮಗಳ ತೊಟ್ಟಿಲ ಕಾರ್ಯಕ್ಕೆ ಕರೆದು ನೀನು ಆಗಸ್ಟಿನಲ್ಲೇ ಕಾರ್ಡು ಕಳಿಸಿದ್ದೆ. ನಿನ್ನ ಅತ್ತಿಗೆ ಅರ್ಚನಾ ಒಬ್ಬಳೇ ಬಂದು ಹೋದಳು. ನಾನು ಬರಲಿಲ್ಲ, ಬರಲಿಲ್ಲವೇಕೆಂದು ಒಂದು ಫೋನೂ ಮಾಡಲಿಲ್ಲ. ಮೂರು ತಿಂಗಳ ಮೇಲೆ ಈಗ ಬರೆಯಲು ಕೂತಿದ್ದೇನೆ. ಕ್ಷಮಿಸು. ಕೂಸಿಗೆ ನಿನ್ನದೇ ಮೂಗಂತೆ, ಅತ್ತರೆ ಓಣಿಯೆಲ್ಲ ಏಳುತ್ತದಂತೆ. ಅರ್ಚನಾ ಬಂದು ಎರಡು ದಿನ ಅದನ್ನೇ ಹೇಳಿದಳು. ಅವ್ವ ಪಕ್ಕದಲ್ಲೇ ಕೂತು ಕೇಳಿಸಿಕೊಂಡಳು, ಬಾಯಿ ಬಿಡಲಿಲ್ಲ.

ಅವ್ವನಿಗೆ ಈಗ ಎಪ್ಪತ್ತೆಂಟು. ಕಿವಿ ಮಂದವಾಗಿದೆ, ಮಂಡಿ ನೋವಿದೆ. ಉಳಿದಂತೆ ಗಟ್ಟಿಯಾಗಿದ್ದಾಳೆ. ಅರ್ಚನಾಳಿಗೆ ಶಾಲೆಯಲ್ಲಿ ಇನ್ನು ನಾಲ್ಕು ವರ್ಷ ಸರ್ವೀಸಿದೆ. ನಿನಗೆ ಗೊತ್ತಲ್ಲ, ನಾನು ಟೆಲಿಫೋನ್ ಎಕ್ಸ್‌ಚೇಂಜಿನಿಂದ ಸ್ವಯಂ ನಿವೃತ್ತಿ ತೆಗೆದುಕೊಂಡು ನಾಲ್ಕು ವರ್ಷ ಮೇಲಾಯಿತು.

ಫೋನಿನಲ್ಲಿ ಹೇಳಬಹುದಿತ್ತಲ್ಲ ಎನ್ನಬೇಡ. ಹೇಳಬೇಕೆಂದು ಎರಡು ಸಲ ನಿನ್ನ ನಂಬರು ಒತ್ತಿ, ರಿಂಗಾಗುವ ಮೊದಲೇ ಕತ್ತರಿಸಿದೆ. ಇಪ್ಪತ್ತೆಂಟು ವರ್ಷ ಊರವರ ಫೋನು ಸರಿ ಮಾಡಿದವನಿಗೆ ಒಂದು ಫೋನು ಮಾಡಲು ಧೈರ್ಯ ಬರಲಿಲ್ಲ.

ನನ್ನ ಹುಚ್ಚಿನ ವಿಷಯ ಅರ್ಚನಾ ನಿನಗೆ ಹೇಳಿರಬಹುದು. ಎಕ್ಸ್‌ಚೇಂಜಿನಲ್ಲಿ ಹಳೆಯ ಕಂಪ್ಯೂಟರುಗಳನ್ನು ಅಂಗಳಕ್ಕೆ ತಂದು ಒಟ್ಟಿದ್ದರು. ಮಳೆ ಬಂದು ಅವುಗಳ ಮೇಲೆ ನೀರು ಸುರಿಯುವುದು ನೋಡಲಾಗದೆ ಹೇಳಿ ಕೇಳಿ ಒಂದನ್ನು ಮನೆಗೆ ತಂದೆ. ಅದು ಶುರು. ಈಗ ಹತ್ತೊಂಬತ್ತು ಇವೆ. ಅಪ್ಪ ಮಂಡಕ್ಕಿ ಚೀಲ ಒಟ್ಟುತ್ತಿದ್ದ ಮುಂದಿನ ಕೋಣೆ ತುಂಬ ಅವೇ. "ಮಂದಿ ದನ ಕಟ್ತಾರ, ನಮ್ಮ ಮನೆಯವ್ರು ಕಂಪ್ಯೂಟರ್ ಕಟ್ಟ್ಯಾರ. ಹಾಲಿಲ್ಲ, ಸಗಣಿ ಇಲ್ಲ" ಎಂದು ಅರ್ಚನಾ ಬಂದವರ ಮುಂದೆಲ್ಲ ನಗುತ್ತಾಳೆ. ಕೆಟ್ಟು ಕೂತದ್ದು ಎದ್ದು ಮಿಣುಕಿದರೆ ಏನೋ ಒಂದು ಸಮಾಧಾನ ನನಗೆ. ನನ್ನ ಜೊತೆ ಇದೇ ಹುಚ್ಚು ಹತ್ತಿಸಿಕೊಂಡವನು ಕೂಡ್ಲಿಗಿಯ ಸಂಜೀವ, ಗಂಗಪ್ಪನವರ ಮಗ. ಎಕ್ಸ್‌ಚೇಂಜಿನಲ್ಲಿ ಇಪ್ಪತ್ತೆಂಟು ವರ್ಷ ನಾವಿಬ್ಬರೂ ಒಂದೇ ಲೈನಿನ ಆ ತುದಿ ಈ ತುದಿ ನಿಂತು ಕೆಲಸ ಮಾಡಿದವರು. ಅವನು ಟೇಪು, ಕ್ಯಾಸೆಟ್ಟು, ರೇಡಿಯೊ ಚೆನ್ನಾಗಿ ಬಲ್ಲ.

ಕಳೆದ ತಿಂಗಳು ಒಂದು ಮಾನಿಟರು ಬೇಕಾಗಿ ಹಡಗಲಿಗೆ ಹೋಗಿದ್ದೆ. ಅಲ್ಲಿ ಯರ್ರೆಪ್ಪನೆಂಬವನ ಗುಜರಿ ಅಂಗಡಿಯಿದೆ. ಮಾನಿಟರು ಸಿಕ್ಕಿತು. ಹೊರಡುವಾಗ ಅವನು ಒಂದು ರಟ್ಟಿನ ಡಬ್ಬಿಯನ್ನು ಕಾಲಿನಿಂದ ನನ್ನ ಕಡೆ ತಳ್ಳಿದ.

"ಇದನ್ನೂ ಒಯ್ರಿ ಸರ್. ನಮಗ ಇದ್ರಾಗ ತಾಮ್ರನೂ ಸಿಗಂಗಿಲ್ಲ, ಏನೂ ಸಿಗಂಗಿಲ್ಲ. ಇಟ್ಟಿಗಿ ಊರ ಕಡಿ ಒಬ್ರು ಮೇಷ್ಟ್ರು ತೀರ್ಕಂಡ್ರು, ಅವ್ರ ಮನಿ ಖಾಲಿ ಮಾಡುವಾಗ ಬಂದದ್ದು."

ಒಳಗೆ ನೋಡಿದರೆ ಕೆನೆ ಬಣ್ಣದ, ಕೀಲಿಮಣೆಯೂ ಯಂತ್ರವೂ ಒಂದೇ ಆಗಿರುವ ಹಳೆಯ ಕಂಪ್ಯೂಟರು. ಮೇಲಿನ ಸಾಲಿನ ಗುಂಡಿಗಳು ಕೆಂಪು. ಎಂಬತ್ತರ ದಶಕದಲ್ಲಿ ಸರ್ಕಾರ ಕೆಲವು ಹೈಸ್ಕೂಲುಗಳಿಗೆ ಕೊಟ್ಟಿತ್ತಲ್ಲ, ಆ ಜಾತಿಯದು. ನಮ್ಮ ತಮ್ಮ ಪ್ರವೀಣ ಕಲಿತ ಶಾಲೆಗೂ ಒಂದು ಬಂದಿತ್ತು. ಅವನು ಅದರ ಮುಂದೆ ಕೂತು ಬಂದ ದಿನ ಬೆರಳನ್ನೂ ತೊಳೆಯದೆ ಊಟಕ್ಕೆ ಕೂತು ಅವ್ವನ ಕೈಲಿ ಬೈಸಿಕೊಂಡದ್ದು ನಿನಗೆ ನೆನಪಿರಬೇಕು. ಅಂಥದೊಂದು ಸಿಗಲಿ ಎಂದು ನಾನು ನಾಲ್ಕು ವರ್ಷದಿಂದ ಹುಡುಕುತ್ತಿದ್ದೆ. ಜೊತೆಗೆ ಏಳು ಕ್ಯಾಸೆಟ್ಟುಗಳಿದ್ದವು. ಆಗ ಪ್ರೋಗ್ರಾಮುಗಳನ್ನು ಹಾಡಿನ ಕ್ಯಾಸೆಟ್ಟಿನಲ್ಲೇ ತುಂಬಿಡುತ್ತಿದ್ದರು. ಟೇಪ್ ರೆಕಾರ್ಡರಿನಿಂದ ಒಂದು ವೈರು ಎಳೆದು ಕಂಪ್ಯೂಟರಿಗೆ ಕೊಟ್ಟರೆ ಅದು ಕೀ ಎಂದು ಕಿರುಚುವ ಸದ್ದನ್ನೇ ಓದಿಕೊಳ್ಳುತ್ತದೆ. ಕ್ಯಾಸೆಟ್ಟುಗಳ ಮೇಲೆ ಕೆಂಪು ಶಾಯಿಯಲ್ಲಿ "ವಿದ್ಯಾರ್ಥಿಗಳ ಅಭ್ಯಾಸ" ಎಂದು ಬರೆದು ನಂಬರು ಹಾಕಿದ್ದರು. ಯಾವ ಮೇಷ್ಟ್ರು, ಯಾವ ಶಾಲೆ, ನಾನು ಕೇಳಲಿಲ್ಲ.

ಕ್ಯಾಸೆಟ್ಟುಗಳಿಗೆ ಬೂಷ್ಟು ಹಿಡಿದಿತ್ತು. ಸಂಜೀವನಿಗೆ ಕೊಟ್ಟೆ. ಅವನು ಒಂದೊಂದನ್ನೂ ಬಿಚ್ಚಿ, ಒರೆಸಿ, ಬೇರೆ ಪೆಟ್ಟಿಗೆಗೆ ಸುತ್ತಿ, ಹೋದ ಭಾನುವಾರದ ಹಿಂದಿನ ಭಾನುವಾರ ಬೆಳಿಗ್ಗೆ ಕೂಡ್ಲಿಗಿಯಿಂದ ಬಂದ. ಅಷ್ಟರಲ್ಲಿ ನಾನು ಕಂಪ್ಯೂಟರಿನ ಸುಟ್ಟ ಭಾಗಗಳನ್ನು ಬದಲಿಸಿ ಎಬ್ಬಿಸಿ ಇಟ್ಟಿದ್ದೆ.

ಎರಡು ಕ್ಯಾಸೆಟ್ಟುಗಳಲ್ಲಿ ಏನೂ ಬರಲಿಲ್ಲ. ಮೂರನೆಯದನ್ನು ಹಾಕಿದೆವು. ಕೀ ಎಂದು ಕಿರುಚಿತು, ಕಂಪ್ಯೂಟರು ಓದಿಕೊಂಡಿತು. ಓಡಿಸು ಎಂದು ಆಜ್ಞೆ ಕೊಟ್ಟೆ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರದಲ್ಲಿ ಒಂದು ಸಾಲು ಬಂತು. ಅದರ ಕೆಳಗೆ ಅದೇ ಸಾಲು. ಮತ್ತೆ ಅದೇ. ಪರದೆ ತುಂಬಿ, ಮೇಲಕ್ಕೆ ಉರುಳುತ್ತ, ಕೆಳಗಿನಿಂದ ಹೊಸದಾಗಿ ಹುಟ್ಟುತ್ತ, ನಿಲ್ಲದೆ ಬರತೊಡಗಿತು. ಕಂಪ್ಯೂಟರು ಕಲಿಯುವ ಯಾವ ಹುಡುಗನಾದರೂ ಮೊದಲ ದಿನ ಬರೆಯುವ ಪ್ರೋಗ್ರಾಮು ಅದು, ತನ್ನ ಹೆಸರನ್ನೇ ಮತ್ತೆ ಮತ್ತೆ ಬರೆಯಿಸುವುದು.

ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಇದ್ದದ್ದು ಇಷ್ಟೇ: ಪ್ರವೀಣಕುಮಾರ್ ಎಸ್., ಕೊಟ್ಟೂರು.

ಸುಕನ್ಯಾ, ನನ್ನ ಕೈ ಕೀಲಿಮಣೆಯ ಮೇಲೆಯೇ ಇತ್ತು. ತೆಗೆಯಲು ಆಗಲಿಲ್ಲ. ಹೆಸರು ಓಡುತ್ತಲೇ ಇತ್ತು. ಮೂವತ್ತನಾಲ್ಕು ವರ್ಷ ಈ ಮನೆಯಲ್ಲಿ ಯಾರೂ ಗಟ್ಟಿಯಾಗಿ ಆಡದ ಹೆಸರು, ಯಾರೋ ಬಾಗಿಲು ಬಡಿದು ಬಡಿದು ಹೇಳಿದ ಹಾಗೆ.

"ಎಸ್ ಅಂದ್ರ ಶಿವಯೋಗಪ್ಪ ಅಲ್ಲೇನು? ನಿಮ್ಮಪ್ಪಾರ ಹೆಸರು?" ಎಂದ ಸಂಜೀವ ಮೆಲ್ಲಗೆ. "ಇಂಥ ಮಷಿನ್ನು ಎಷ್ಟು ಸಾಲಿಗೆ ಕೊಟ್ಟಿದ್ರೋ. ಅದು ತಿರುಗಿ ತಿರುಗಿ ನಿನ್ನ ಮನಿಗಾ ಯಾಕ ಬರಬೇಕು ಗುರು?"

ಯರ್ರೆಪ್ಪನಿಗೆ ಅಲ್ಲಿಂದಲೇ ಫೋನು ಮಾಡಿದೆ. ತೀರಿಕೊಂಡ ಮೇಷ್ಟ್ರ ಹೆಸರು ವೆಂಕಟೇಶ. ಪ್ರವೀಣನಿಗೆ ಕಂಪ್ಯೂಟರು ಕಲಿಸಿದ ನಮ್ಮ ವೆಂಕಟೇಶ ಮೇಷ್ಟ್ರೇ! ಶಾಲೆಯವರು ಕೆಟ್ಟಿತೆಂದು ಎಸೆದದ್ದನ್ನು ಅವರು ತಮ್ಮೂರಿಗೆ ಒಯ್ದು ಇಟ್ಟುಕೊಂಡಿದ್ದರಂತೆ. ಪ್ರವೀಣನ ಮಣ್ಣಿಗೆ ಬಂದಾಗ ಅವರು ಹೇಳಿದ್ದು ನೆನಪಿದೆಯೇ? ಆವತ್ತು ಮಧ್ಯಾಹ್ನ ಉಜ್ಜಿನಿಗೆ ಹೋಗುವಾಗ ಹುಡುಗ ಅವರ ಮನೆ ಮುಂದೆ ಸೈಕಲ್ಲು ನಿಲ್ಲಿಸಿ, ನಾಳಿನ ಕ್ಲಾಸಿಗೆಂದು ಕ್ಯಾಸೆಟ್ಟು ಕೊಟ್ಟು, ಒಂದು ಚೊಂಬು ನೀರು ಕುಡಿದು ಹೋದನಂತೆ. ಆ ಕ್ಯಾಸೆಟ್ಟೇ ಇದು.

ನಾವು ಈ ಗುಂಗಿನಲ್ಲಿ ಟೇಪು ನಿಲ್ಲಿಸುವುದನ್ನು ಮರೆತಿದ್ದೆವು. ಪ್ರೋಗ್ರಾಮು ಮುಗಿದ ಮೇಲೂ ಅದು ಸುತ್ತುತ್ತಲೇ ಇತ್ತು. ಸಂಜೀವ ವೈರು ಕಿತ್ತ. ಕಿತ್ತದ್ದೇ ಟೇಪ್ ರೆಕಾರ್ಡರಿನ ಸ್ಪೀಕರು ಬಾಯಿ ಬಿಟ್ಟಿತು.

"ಹಲೋ, ಹಲೋ. ಇದು ಕೊಟ್ಟೂರು ಆಕಾಶವಾಣಿ. ವಾರ್ತೆಗಳು, ಓದ್ತಿರೋರು ಪ್ರವೀಣಕುಮಾರ್. ನಮ್ಮವ್ವ ಹರಪನಹಳ್ಳಿಗೆ ಮದಿವಿಗೆ ಹೋಗ್ಯಾಳ. ಅದ್ಕಾಗಿ ಇವತ್ತು ಮನಿಯಾಗ ಸುಕನ್ಯಕ್ಕನ ಅಡಿಗಿ. ಸಾರಿನಾಗ ಉಪ್ಪಿಲ್ಲಂತ ನಮ್ಮ ವರದಿಗಾರರು ತಿಳಿಸ್ಯಾರ."

ಅವನದೇ ನಗು. ಮುರಿಯುತ್ತಿದ್ದ ಗಂಟಲು, ಅರ್ಧ ಹುಡುಗನದು ಅರ್ಧ ಗಂಡಸಿನದು. ನನಗೆ ಆ ದನಿ ಮರೆತುಹೋಗಿತ್ತು. ಮುಖ ನೆನಪಿತ್ತು, ನಡಿಗೆ ನೆನಪಿತ್ತು, ದನಿ ಮರೆತಿದ್ದೆ ಎಂಬುದು ಅದನ್ನು ಕೇಳಿದಾಗಲೇ ಗೊತ್ತಾಯಿತು. ಮೈಕು ಸರಿಯಿದೆಯೋ ಇಲ್ಲವೋ ಎಂದು ನೋಡಲು ರೆಕಾರ್ಡಿಂಗ್ ಗುಂಡಿ ಒತ್ತಿ, ಅದನ್ನು ಬಿಡಿಸುವುದು ಮರೆತಿದ್ದಾನೆ. ಪಾತ್ರೆ ಸದ್ದು, ಸೈಕಲ್ಲಿನ ಗಂಟೆ. ಆಮೇಲೆ ನಿನ್ನ ದನಿ.

ನೀನಾಡಿದ್ದನ್ನು ಒಂದಕ್ಷರ ಬಿಡದೆ ಬರೆಯುತ್ತೇನೆ, ಓದಿಕೋ.

"ಲೇ ಪ್ರವೀಣ, ಸೈಕಲ್ ಯಾಕ ಒರಸಾಕತ್ತೀಯೋ? ಉಜ್ಜಿನಿಗೆ ಹೋಗಬ್ಯಾಡ ನೋಡು. ಈ ಬಿಸಿಲಾಗ ನೆತ್ತಿ ಸುಡ್ತೈತಿ. ಇನ್ನಾ ನಾಕು ದಿನ ಟೈಮ್ ಐತಿ, ಅಣ್ಣ ನಾಳೆ ಗಾಡಿ ಮ್ಯಾಲ ಹೋಗಿ ತರ್ತೀನಿ ಅಂದಾನ. ನಾ ಕನಕಮ್ಮಕ್ಕನ ಮನಿಗೆ ಹೋಗಿ ಬರ್ತೀನಿ. ಬಾಗಿಲು ಮುಂದ ಮಾಡ್ಕೋ."

ಪ್ರವೀಣ ಹೂಂ ಅನ್ನುತ್ತಾನೆ. ಬಾಗಿಲು ಕಿರ್ ಎನ್ನುತ್ತದೆ.

ನೋಡು ತಂಗಿ, ಮೂವತ್ತನಾಲ್ಕು ವರ್ಷ ನೀನು ಇದನ್ನೇ ಹೇಳುತ್ತ ಬಂದೆ. "ನಾ ಬ್ಯಾಡ ಅಂದಿದ್ದೆ, ನಾ ಕಳಿಸಿಲ್ಲ" ಎಂದು. ಯಾರೂ ನಂಬಲಿಲ್ಲ. ಟೀಚರ್ಸ್ ಟ್ರೈನಿಂಗಿಗೆ ಅರ್ಜಿ ಹಾಕುವವಳು ನೀನು, ಉಜ್ಜಿನಿಯ ಶಿವಬಸಮ್ಮತ್ತೆಯ ಮನೆಯಲ್ಲಿ ಮಾರ್ಕ್ಸ್ ಕಾರ್ಡು ಮರೆತು ಬಂದವಳು ನೀನು, ಮನೆಯಲ್ಲಿದ್ದವಳು ನೀನೊಬ್ಬಳೇ. ಮತ್ತಾರು ಕಳಿಸುತ್ತಾರೆ ಎಂಬುದು ಅವ್ವನ ಮಾತು. ಲಾರಿ ಹೊಡೆದದ್ದು ಅವನು ತಿರುಗಿ ಬರುವಾಗ. ಹ್ಯಾಂಡಲಿಗೆ ಸಿಕ್ಕಿಸಿದ್ದ ಚೀಲದಲ್ಲಿ ನಿನ್ನ ಕಾರ್ಡು ಒಂದು ಮಡಿಕೆಯೂ ಬೀಳದೆ ಇತ್ತು. ನೀನು ಅದನ್ನು ಒಲೆಗೆ ಹಾಕಿದೆ, ಅರ್ಜಿ ಹಾಕಲೇ ಇಲ್ಲ. ಮರುವರ್ಷ ಹರಪನಹಳ್ಳಿಗೆ, ಕೊಟ್ಟ ಮನೆಗೆ ಹೋದೆ. ಅಪ್ಪ ತೀರಿದಾಗ ಬಂದವಳನ್ನು ಅವ್ವ ಹೆಣದ ಮುಂದೆಯೇ "ಒಬ್ಬನ್ನ ನುಂಗಿದ್ದು ಸಾಲಲಿಲ್ಲೇನ" ಎಂದು ಅಂದಳು. ಆವತ್ತಿನಿಂದ ನೀನು ಈ ಹೊಸ್ತಿಲು ತುಳಿದಿಲ್ಲ. ಹದಿಮೂರು ವರ್ಷ.

ಆ ಹೊತ್ತು ನಾನು ಊರ ಬಸ್‌ಸ್ಟ್ಯಾಂಡಿನ ಹತ್ತಿರ ರೇಡಿಯೊ ರಿಪೇರಿ ಅಂಗಡಿಯಲ್ಲಿದ್ದೆ, ಅದು ನಿನಗೂ ಗೊತ್ತು.

ಟೇಪಿನಲ್ಲಿ ನಿನ್ನ ಮಾತಾದ ಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಬಾಗಿಲು ಮತ್ತೆ ತೆರೆಯುತ್ತದೆ. ಒಂದು ಗಂಡು ದನಿ, ದೂರದಿಂದ, ಅಸ್ಪಷ್ಟವಾಗಿ. "ನೀನಾ ಹೋಗಿ ಬಾರಲೇ" ಎಂದ ಹಾಗೆ ಕೇಳುತ್ತದೆ. ಅಷ್ಟಕ್ಕೆ ಟೇಪು ಮುಗಿಯುತ್ತದೆ. ಅಪ್ಪನ ದನಿ ಇರಬೇಕು. ಮಂಡಕ್ಕಿ ಭಟ್ಟಿಯಿಂದ ಊಟಕ್ಕೆ ಬಂದಿದ್ದನೇನೋ. ಆಮೇಲೆ ಹೇಳಲು ಬಾಯಿ ಬಂದಿರಲಿಕ್ಕಿಲ್ಲ ಪಾಪ. ಅಪ್ಪನ ಮೇಲೆ ಸಿಟ್ಟಾಗಬೇಡ, ಅವನೀಗ ಇಲ್ಲ.

ಸಂಜೀವ ಚಪ್ಪಲಿ ಮೆಟ್ಟಿ ಹೊರಗೆ ಹೋಗಿ ಬೇವಿನ ಗಿಡದ ಕೆಳಗೆ ಬಹಳ ಹೊತ್ತು ನಿಂತಿದ್ದ.

ಅವ್ವನಿಗೆ ಕೇಳಿಸಬೇಕೋ ಬೇಡವೋ ಎಂದು ನಾಲ್ಕು ದಿನ ಒದ್ದಾಡಿದೆ. ಕೊನೆಗೆ ಅರ್ಚನಾ ಸಿಟ್ಟಾದಳು. "ಮಗನ ದನಿ ಮನಿಯಾಗಿಟ್ಕಂಡು ಹೆತ್ತಾಕಿಗೆ ಮುಚ್ಚಿಡ್ತೀರೇನು? ಅಷ್ಟಾ ಅಲ್ಲ, ಸುಕನ್ಯಾನ ಮಾತು ಅಕಿ ಕೇಳಬೇಕೋ ಬ್ಯಾಡೋ?" ಎಂದಳು. ಗುರುವಾರ ಬೆಳಿಗ್ಗೆ ಅವ್ವ ಲಿಂಗಪೂಜೆ ಮುಗಿಸಿ ಬಂದಾಗ ಮುಂದಿನ ಕೋಣೆಗೆ ಕರೆತಂದು ಕುರ್ಚಿ ಹಾಕಿದೆ. ಎಕ್ಸ್‌ಚೇಂಜಿನಲ್ಲಿ ಆಪರೇಟರುಗಳು ತಲೆಗೆ ಹಾಕಿಕೊಳ್ಳುತ್ತಿದ್ದ ಹೆಡ್‌ಫೋನೊಂದು ನನ್ನ ಹತ್ತಿರ ಇದೆ. ಅದನ್ನು ಅವಳ ಸೆರಗಿನ ಮೇಲೆಯೇ ಕೂರಿಸಿ ಟೇಪು ಹಚ್ಚಿದೆ.

ಮೊದಲು ಅವಳಿಗೆ ಏನೂ ಅರ್ಥವಾಗಲಿಲ್ಲ. ಆಮೇಲೆ ಎರಡೂ ಕೈಯಿಂದ ಹೆಡ್‌ಫೋನನ್ನು ಕಿವಿಗೆ ಒತ್ತಿ ಹಿಡಿದಳು. ವಿಭೂತಿ ಹಚ್ಚಿದ ಹಣೆ ಬೆವರತೊಡಗಿತು. ನನ್ನನ್ನು ನೋಡಲಿಲ್ಲ, ಎದುರಿಗಿದ್ದ ಕಂಪ್ಯೂಟರನ್ನು ನೋಡಿದಳು. ಪರದೆಯ ಮೂಲೆಯಲ್ಲಿ ಒಂದು ಸಣ್ಣ ಗೆರೆ ಮಿಣುಕುತ್ತಿತ್ತು.

"ಇದು ಉಸಿರಾಡ್ತೈತಿ," ಎಂದಳು. "ಇಷ್ಟು ವರ್ಷ ಇದರಾಗ ಇದ್ನೇನೋ ನನ್ನ ಮಗ? ಒಬ್ಬನಾ? ಆ ಊರಾಗ, ಯಾರದೋ ಮನಿಯಾಗ?"

ನಿನ್ನ ಮಾತು ಬಂದಾಗ ಅವಳ ತುಟಿ ಅಲುಗುವುದು ನಿಂತಿತು. "ಇನ್ನೊಮ್ಮೆ ಹಚ್ಚು" ಎಂದಳು. ಹಚ್ಚಿದೆ. "ಇನ್ನೊಮ್ಮೆ." ಐದು ಸಲ ಕೇಳಿದಳು. ಐದನೇ ಸಲ ಮುಗಿದ ಮೇಲೆ ಹೆಡ್‌ಫೋನು ತೆಗೆದು ಮಡಿಲಲ್ಲಿಟ್ಟುಕೊಂಡು, "ಅಕಿ ಬ್ಯಾಡ ಅಂದಿದ್ಲು" ಎಂದಳು. ಆಮೇಲೆ ಕೇಳಿದಳು, "ಹೋಗು ಅಂದೋರು ಯಾರು?"

"ಅಪ್ಪ ಇರಬೇಕವ್ವ" ಎಂದೆ.

ಆವತ್ತಿನಿಂದ ನಮ್ಮ ಮನೆಯ ಗಾಳಿಯೇ ಬೇರೆ. ಅವ್ವ ಬೆಳಿಗ್ಗೆ ಎದ್ದವಳೇ ಮುಂದಿನ ಕೋಣೆಗೆ ಹೋಗಿ ಆ ಕೆಂಪು ಗುಂಡಿಗಳ ಮೇಲೆ ಬೆರಳಾಡಿಸುತ್ತಾಳೆ. ಹೆಸರು ಬರುವ ಹಾಗೆ ಮಾಡು ಅನ್ನುತ್ತಾಳೆ. ಮಾಡಿಕೊಡುತ್ತೇನೆ. ಅವಳಿಗೆ ಇಂಗ್ಲಿಷ್ ಬಾರದು, ಆದರೂ ಓಡುವ ಸಾಲುಗಳನ್ನು ನೋಡುತ್ತ ಕೂರುತ್ತಾಳೆ. ತರಕಾರಿ ಮಾರುವ ದುರುಗಮ್ಮ ಬಂದರೆ ಅವಳಿಗೂ ಹೇಳುತ್ತಾಳೆ, "ನನ್ನ ಮಗಳು ಬ್ಯಾಡ ಅಂದಿದ್ಲು ನೋಡು." ಹಾಲಿನವನಿಗೂ ಅದೇ. ಮಾತು ಮಾತಿಗೂ ಅದೇ. ಅಪ್ಪನ ಫೋಟೋಕ್ಕೆ ದಿನಾ ವಿಭೂತಿ ಹಚ್ಚಿ ಹೂವಿಡುತ್ತಿದ್ದವಳು, ಶುಕ್ರವಾರದಿಂದ ಅದರ ಮುಂದೆ ನಿಲ್ಲುವುದನ್ನೇ ಬಿಟ್ಟಿದ್ದಾಳೆ. ಗುರುವಾರ ಇಟ್ಟ ಹೂವು ಅಲ್ಲೇ ಒಣಗಿದೆ. ಅರ್ಚನಾ ಹೊಸದು ಇಡಲು ಹೋದರೆ ಕೈ ಹಿಡಿದಳು.

ನನಗಂತೂ ಮನೆಯಲ್ಲಿ ಎಲ್ಲಿ ಕೂತರೂ ಅವನ ವಾರ್ತೆ ಕೇಳಿಸುತ್ತದೆ. ಸಂತೆಯಲ್ಲಿ ಯಾರೋ ಸೈಕಲ್ ಗಂಟೆ ಬಾರಿಸಿದರೆ ಹಿಂದೆ ತಿರುಗುತ್ತೇನೆ. ಹಳೆಯ ಟೇಪು, ಹಚ್ಚಿದಷ್ಟೂ ಸವೆಯುತ್ತದೆ, ಬೇರೆ ಪ್ರತಿ ಮಾಡಿಟ್ಟಿದ್ದೇನೆ ಎಂದು ಅವ್ವನಿಗೆ ಎಷ್ಟು ಹೇಳಿದರೂ ಅವಳಿಗೆ ಆ ಕ್ಯಾಸೆಟ್ಟೇ ಬೇಕು.

ಸುಕನ್ಯಾ, ನಿನ್ನ ಮಾತು ನಿಜವೆಂದು ಈ ಮನೆ ಕೊನೆಗೂ ಒಪ್ಪಿತು. ಒಮ್ಮೆ ಬಂದು ಹೋಗು. ನೀನೇ ಕೇಳು. ಅಳಿಯಂದಿರಿಗೂ ಮಗಳಿಗೂ ನನ್ನ ನೆನಪು ಹೇಳು. ನಿನ್ನ ಮನೆ ತಣ್ಣಗಿರಲಿ, ಆ ಪುಟ್ಟ ಕೂಸು ನೂರು ವರ್ಷ ಬಾಳಲಿ, ಅವಳು ಓದಬೇಕೆಂದದ್ದನ್ನೆಲ್ಲ ಓದಲಿ.

ಇಂತು ನಿನ್ನ ಅಣ್ಣ,
ಗುರುಶಾಂತ

ತಾ.ಕ.
16 ನವೆಂಬರ್, ಶನಿವಾರ

ಮೇಲಿನದನ್ನು ಬರೆದು ಮಡಚಿ, ಅಂಟು ಹಚ್ಚಿ, ನಾಲ್ಕು ದಿನ ಜೇಬಿನಲ್ಲಿಟ್ಟುಕೊಂಡು ತಿರುಗಿದೆ. ಎರಡು ಸಲ ಪೋಸ್ಟ್ ಡಬ್ಬಿಯ ಮುಂದೆ ನಿಂತೆ. ಇವತ್ತು ಹರಿದು ತೆರೆದು ಇದನ್ನು ಸೇರಿಸುತ್ತಿದ್ದೇನೆ. ಮೇಲಿನದನ್ನು ಹೊಡೆದು ಹಾಕುವುದಿಲ್ಲ. ನಾನು ಎಂಥವನೆಂದು ಅದರಿಂದಲೂ ನಿನಗೆ ಗೊತ್ತಾಗಲಿ.

ಟೇಪು ಅಲ್ಲಿಗೆ ಮುಗಿಯುವುದಿಲ್ಲ. ನಾನು ಗುಂಡಿ ಒತ್ತಿ ನಿಲ್ಲಿಸಿದೆ. ಅವ್ವನಿಗೆ ಕೇಳಿಸಿದಾಗ ಐದು ಸಲವೂ ಅಲ್ಲಿಯೇ ನಿಲ್ಲಿಸಿದೆ. ಅದರ ಮುಂದಿನದು ಇದು.

ಪ್ರವೀಣ: "ಅಕ್ಕ ಬ್ಯಾಡ ಅಂದಾಳ. ನಾಳೆ ನೀ ಹೋಗ್ತೀಯಂತ."

ಇನ್ನೊಂದು ದನಿ: "ಅಕಿ ಅಂತಾಳ ಬಿಡು. ನಾಳೆ ನಾವು ಹೊಸಪೇಟಿಗೆ ಪಿಕ್ಚರಿಗೆ ಹೊಂಟೀವಿ, ನನಗಾಗಲ್ಲ. ಮೇಷ್ಟ್ರ ಮನಿಗೆ ಕ್ಯಾಸೆಟ್ ಕೊಡಾಕ ಹೋಗ್ತೀಯಲ್ಲ, ಹಂಗಾ ಒಂದಿಷ್ಟು ತುಳಿ. ಅಕ್ಕಗ ನಾ ಹೇಳ್ತೀನಿ."

ಅದು ಅಪ್ಪನ ದನಿಯಲ್ಲ. ನನ್ನದು.

ನಾನು ರೇಡಿಯೊ ಅಂಗಡಿಯಿಂದ ಮಧ್ಯಾಹ್ನ ಕಾಲು ಗಂಟೆ ಮನೆಗೆ ಬಂದಿದ್ದೆ. ಯಾರೂ ನೋಡಲಿಲ್ಲ. ಅವನನ್ನು ಕಳಿಸಿ ತಿರುಗಿ ಅಂಗಡಿಗೆ ಹೋದೆ. ಸಂಜೆ ಅವನನ್ನು ತಂದು ಪಡಸಾಲೆಯಲ್ಲಿ ಮಲಗಿಸಿದಾಗ, ಮದುವೆ ಸೀರೆಯಲ್ಲೇ ಓಡಿ ಬಂದ ಅವ್ವ "ಯಾರು ಕಳಿಸಿದ್ರೋ ಇವನ್ನ" ಎಂದು ಕೂಗಿದಳು. ನಾನು ಬಾಯಿ ಮುಚ್ಚಿಕೊಂಡಿದ್ದರೂ ಆಗುತ್ತಿತ್ತು. ಮುಚ್ಚಿಕೊಳ್ಳಲಿಲ್ಲ. "ನಾಳೆ ನಾನಾ ಹೋಗ್ತಿದ್ನಲ್ಲವ್ವ, ಇಕಿಗೆ ಅಂಥ ಅವಸರ ಏನಿತ್ತೋ" ಎಂದೆ. ನಿನ್ನ ಕಡೆ ಕೈ ಮಾಡಿ ಎಂದೆ. ನೀನು ಆಗ ಕಂಬಕ್ಕೆ ಒರಗಿ ನಿಂತಿದ್ದೆ. ನನ್ನನ್ನೇ ನೋಡಿದೆ. ಅಣ್ಣ ಗೊತ್ತಿಲ್ಲದೆ ಹಾಗೆ ಅಂದನೆಂದು ನೀನು ತಿಳಿದೆ. ನಿನ್ನ ಮುಖದಲ್ಲಿ ನನ್ನ ಮೇಲೆ ಸಿಟ್ಟಿರಲಿಲ್ಲ, ಅದೇ ನನ್ನನ್ನು ಇಷ್ಟು ವರ್ಷ ಬಿಡಲಿಲ್ಲ.

ಟೇಪು ಕೇಳಿದ ಭಾನುವಾರ ಸಂಜೀವ ಬೇವಿನ ಗಿಡದ ಕೆಳಗಿನಿಂದ ತಿರುಗಿ ಬಂದು ಹೇಳಿದ್ದನ್ನು ಮೇಲೆ ಬರೆಯಲಿಲ್ಲ. "ಗುರು, ಇಪ್ಪತ್ತೆಂಟು ವರ್ಷ ಕೆಟ್ಟ ಲೈನಿನಾಗ, ಮಳಿಯಾಗ, ಗಾಳಿಯಾಗ ನಿನ್ನ ದನಿ ಕೇಳೀನಿ. ನನಗ ಗೊತ್ತಾಗಂಗಿಲ್ಲೇನು? ನಾ ಯಾರಿಗೂ ಹೇಳಂಗಿಲ್ಲ. ಆದ್ರ ನಿಮ್ಮಪ್ಪನ ಮ್ಯಾಲ ಹಾಕಬ್ಯಾಡ" ಎಂದ. ನಾನು ಹಾಕಿದೆ.

ನಿನ್ನೆ ಅವ್ವ ಅಪ್ಪನ ಫೋಟೋ ಗೋಡೆಯಿಂದ ಇಳಿಸಿದಳು. "ನಲವತ್ತನಾಲ್ಕು ವರ್ಷ ಇವರ ಜತಿ ಬಾಳೇ ಮಾಡೀನಿ. ನಾ ಸುಕನ್ಯಾಗ ಅಂದದ್ದೆಲ್ಲ ಕೇಳ್ಕೋಂತ ಸುಮ್ನ ಕುಂತಿದ್ರಲ್ಲ" ಎಂದು ಅದನ್ನು ಹಳೆಯ ಧೋತರದಲ್ಲಿ ಸುತ್ತಿ ಅಟ್ಟಕ್ಕೆ ಇಡಲು ಅರ್ಚನಾಳ ಕೈಗೆ ಕೊಟ್ಟಳು. ಅಪ್ಪ ಜೀವಮಾನದಲ್ಲಿ ಒಂದು ಸುಳ್ಳು ಹೇಳಿದ್ದು ನನಗೆ ನೆನಪಿಲ್ಲ.

ಇವತ್ತು ಬೆಳಿಗ್ಗೆ ಹೇಳಿಬಿಟ್ಟೆ. ಅವ್ವ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. ಅರ್ಚನಾ ಬಾಗಿಲಲ್ಲಿ ನಿಂತಿದ್ದಳು, ಅವಳಿಗೂ ಇದೇ ಮೊದಲು. ಎಲ್ಲ ಹೇಳಿದೆ, ಹೊಸಪೇಟೆಯದೂ ಹೇಳಿದೆ. ಅವ್ವ ಬೈಯಲಿಲ್ಲ, ಅಳಲಿಲ್ಲ, ತಲೆಯನ್ನೂ ಎತ್ತಲಿಲ್ಲ. ಬೆರಳು ಅಕ್ಕಿಯಲ್ಲಿ ಹಾಗೇ ನಿಂತಿತು. ಆಮೇಲೆ ಕೇಳಿದಳು.

"ಆ ಪಿಕ್ಚರ್ ನೋಡಿದೇನು?"

"ಇಲ್ಲವ್ವ" ಎಂದೆ.

ಮೊರ ಪಕ್ಕಕ್ಕಿಟ್ಟು ಗೋಡೆ ಹಿಡಿದು ಎದ್ದಳು. ಫೋಟೋ ತರಿಸಿದಳು, ಸೆರಗಿನಿಂದ ಗಾಜು ಒರೆಸಿದಳು, ಮೊಳೆಗೆ ತಾನೇ ಹಾಕಿದಳು. ಆಮೇಲೆ ಅರ್ಚನಾಳ ಕಡೆ ತಿರುಗಿ, "ಒಂದು ಗಾಡಿ ಹೇಳು. ಹರಪನಹಳ್ಳಿಗೆ ಹೋಗೂಣು" ಎಂದಳು. ನಾನು ಚಪ್ಪಲಿ ಹುಡುಕಿದೆ. "ನೀ ಬರಬ್ಯಾಡ" ಎಂದಳು. ಆಮೇಲೆ, "ಅಕಿಗೆ ಏನೋ ಬರದು ಜೇಬಿನಾಗ ಇಟ್ಕಂಡು ಅಡ್ಡಾಡಾಕತ್ತೀಯಲ್ಲ. ಖರೇದ್ದು ಬರದು ಕೊಡು, ನಾನಾ ಒಯ್ತೀನಿ" ಎಂದಳು.

ಗಾಡಿ ಬಾಗಿಲಿಗೆ ಬಂದಿದೆ. ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾಗಿದ್ದರೆ ಕೂಡಿಸಿ ಓದಿಕೋ. ಕ್ಷಮಿಸು ಎಂದು ಮೇಲೆ ಒಂದು ಸಲ ಬರೆದಿದ್ದೇನೆ, ಅದು ತೊಟ್ಟಿಲಿಗೆ ಬರದಿದ್ದಕ್ಕೆ. ಇದಕ್ಕೆ ಆ ಮಾತು ಬರೆಯಲು ಕೈ ಬರುತ್ತಿಲ್ಲ. ನೀನಾಗಿ ಕರೆಯುವತನಕ ನಿನ್ನ ಬಾಗಿಲಿಗೆ ಬರುವುದಿಲ್ಲ. ಕರೆಯದಿದ್ದರೂ ನಿನ್ನ ತಪ್ಪಲ್ಲ.

ನೀನು ಬೇಡ ಅಂದಿದ್ದೆ ಎಂದು ನನಗೆ ಆವತ್ತೇ ಗೊತ್ತಿತ್ತು, ಸುಕನ್ಯಾ. ಅವನೇ ನನಗೆ ಹೇಳಿದ್ದ.

ಅವ್ವ ಬೆಳಿಗ್ಗೆಯಿಂದ ಏನೂ ಬಾಯಿಗಿಟ್ಟಿಲ್ಲ. ಮೊದಲು ಉಣ್ಣಲಿಕ್ಕೆ ಹಾಕು, ಆಮೇಲೆ ಮಾತಾಡಿರಿ.